ತಾಮ್ರದ ಕೊಳವೆಯೂ ನಮ್ಮ ಲೆಕ್ಕವೂ

ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹೈಸ್ಕೂಲಿನ ಮಕ್ಕಳಿಗೆ ಭೌತವಿಜ್ಞಾನವನ್ನು ಬೋಧಿಸಿದವರಿಗೆ ಒಂದು ಬಗೆಯ ಜಂಬ ಬರುವುದು ಸಹಜ. ಓಮನ ನಿಯಮದಲ್ಲಿ ನಾವು ಇನ್ನು ಕಲಿಯತಕ್ಕದ್ದು ಏನೂ ಉಳಿದಿಲ್ಲವೆಂದೇ ನಂಬಿದ್ದೆವು. ಆ ನಂಬಿಕೆಯನ್ನು ಮುರಿದುದು ಯಾವ ಪಂಡಿತನೂ ಅಲ್ಲ, ಯಾವ ಗ್ರಂಥವೂ ಅಲ್ಲ; ಗೇಣುದ್ದವೂ ಇಲ್ಲದ ಒಂದು ತಾಮ್ರದ ಕೊಳವೆ. ಅದರ ಕಥೆಯನ್ನು ಹೇಳಿಕೊಳ್ಳುವುದರಲ್ಲಿ ನಮಗೆ ಹೆಮ್ಮೆಯೇನೂ ಇಲ್ಲ. ಆದರೂ ಸೆಲ್ಲುಗಳಿಲ್ಲದ ಮನೆಯೇ ಈಗ ಇಲ್ಲವಾದುದರಿಂದ, ನಮ್ಮ ತಪ್ಪು ನಾಲ್ಕು ಮನೆಗಳವರಿಗೆ ಉಪಯೋಗಕ್ಕೆ ಬಂದೀತೆಂಬ ಆಸೆಯಿಂದ ಬರೆಯುತ್ತಿದ್ದೇವೆ.

೨೦೧೭ನೆಯ ಇಸವಿಯ ಬೇಸಗೆಯಲ್ಲಿ ನಾವೂ ನಮ್ಮ ಮನೆಯಾಕೆಯೂ ಇಂಗ್ಲೆಂಡಿಗೆ ಹೋಗಿ, ಮ್ಯಾಂಚೆಸ್ಟರಿನಲ್ಲಿರುವ ನಮ್ಮ ತಂಗಿಯ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಹುಡುಗನಿಗೆ ಆಗ ಮೂವತ್ತೊಂದು ವರ್ಷ. ಆದರೆ ಸೋದರಮಾವನ ಕಣ್ಣಿಗೆ ಹುಡುಗ ಎಂದೆಂದಿಗೂ ಹುಡುಗನೇ. ಅವನ ತಂದೆ ಸಿಗರೇಟು ಸೇದಿ ಸೇದಿ, ಕೊನೆಗೆ ಶ್ವಾಸಕೋಶದ ವ್ಯಾಧಿಯಿಂದ ನರಳಿ ತೀರಿಹೋದರು. ಕಾಲೇಜಿನ ದಿನಗಳಲ್ಲಿಯೇ ಮಗನಿಗೂ ಅದೇ ಚಟ ಅಂಟಿಕೊಂಡಿತ್ತು. ನಾವು ಮೈಸೂರಿನಿಂದ ಹೊರಡುವ ದಿನ ತಂಗಿ ಚಕ್ಕುಲಿಯ ಡಬ್ಬವನ್ನು ಕೈಗಿಡುತ್ತ, “ಅಣ್ಣಾ, ಅವನು ಸಿಗರೇಟು ಬಿಟ್ಟಿದ್ದಾನೆಯೇ ಇಲ್ಲವೇ, ಕಣ್ಣಾರೆ ನೋಡಿಕೊಂಡು ಬಾ. ಫೋನಿನಲ್ಲಿ ಹೇಳುವ ಮಾತನ್ನು ನಾನು ನಂಬಲಾರೆ” ಎಂದಳು. ನೋಡಿಕೊಂಡು ಬರುವೆವೆಂದು ಮಾತು ಕೊಟ್ಟೆವು.

ಬಿಟ್ಟಿದ್ದನು. ಮನೆಯಲ್ಲಿ ಬೂದಿಯ ಬಟ್ಟಲಿರಲಿಲ್ಲ. ಪರದೆಗಳಿಗೆ ಹೊಗೆಯ ನಾತವಿರಲಿಲ್ಲ. ಅದಕ್ಕೆ ಬದಲಾಗಿ ಮೇಜಿನ ಮೇಲೆ ಕರಿಬಣ್ಣಕ್ಕೆ ತಿರುಗಿದ ತಾಮ್ರದ ಕೊಳವೆಯೊಂದು ಸಣ್ಣದೊಂದು ದೀಪಸ್ತಂಭದಂತೆ ನಿಂತಿತ್ತು. ಅದರ ತುದಿಯನ್ನು ಬಾಯಿಗಿಟ್ಟು ಬುಡದ ಗುಂಡಿಯನ್ನು ಒತ್ತಿದರೆ ಬಿಳಿಯ ಆವಿ ಮೋಡದಂತೆ ಏಳುವುದು. ಹೊಗೆಸೊಪ್ಪನ್ನು ಸುಡದೆ, ನಿಕೋಟಿನ್ ಬೆರೆಸಿದ ದ್ರವವನ್ನು ಕಾಯಿಸಿ ಆವಿ ಮಾಡುವ ಈ ಬಗೆಯ ಉಪಕರಣವನ್ನು ಚೀನದೇಶದ ಹೋನ್ ಲಿಕ್ ಎಂಬ ಔಷಧಜ್ಞನು ೨೦೦೩ರಲ್ಲಿ ರೂಪಿಸಿದನು. ಸಿಗರೇಟು ಸೇದುವವರಿಗೆ ಇದು ಸಿಗರೇಟಿಗಿಂತ ಬಹಳ ಕಡಮೆ ಕೇಡಿನದೆಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಸಾರಿತ್ತು. ಕೇಡೇ ಇಲ್ಲವೆಂದು ಅದರ ಅರ್ಥವಲ್ಲ. ನಿಕೋಟಿನ್ನು ಚಟಕ್ಕೆ ಕಟ್ಟಿಹಾಕುವ ವಸ್ತು. ಸೇದದವರು ಇದನ್ನು ಮುಟ್ಟಬೇಕಾದ ಕಾರಣವೇ ಇಲ್ಲ. ಆದರೆ ನಮ್ಮ ಹುಡುಗನು ದಿನಕ್ಕೆ ಇಪ್ಪತ್ತು ಸಿಗರೇಟುಗಳ ಬದಲು ಇದನ್ನು ಹಿಡಿದಿದ್ದನು. ತಂಗಿಗೆ ಅಂದೇ ಸಂಜೆ ಫೋನು ಮಾಡಿ, ಬಿಟ್ಟಿದ್ದಾನೆಂದು ಹೇಳಿದೆವು. ಕೊಳವೆಯ ಮಾತನ್ನು ಎತ್ತಲಿಲ್ಲ.

ಇಂಥ ಉಪಕರಣಗಳಲ್ಲಿ ಎರಡು ಜಾತಿ. ಒಂದರಲ್ಲಿ ಸೆಲ್ಲಿಗೂ ಕಾಯುವ ತಂತಿಗೂ ನಡುವೆ ಒಂದು ಚಿಕ್ಕ ವಿದ್ಯುನ್ಮಂಡಲವಿದ್ದು, ಪ್ರವಾಹ ಮಿತಿಮೀರಿದರೆ ತಾನೇ ತಡೆಯುತ್ತದೆ. ಇನ್ನೊಂದು ‘ಮೆಕ್ಯಾನಿಕಲ್’ ಎಂಬುದು. ಅದರಲ್ಲಿ ತಡೆಯುವವರು ಯಾರೂ ಇಲ್ಲ. ಕೊಳವೆಯ ಹೊಟ್ಟೆಯಲ್ಲಿ ಒಂದು ಸೆಲ್ಲು. ತಲೆಯ ಮೇಲೆ ತಂತಿಯ ಸುರುಳಿ, ಸುರುಳಿಯೊಳಗೆ ದ್ರವವನ್ನು ಹೀರುವ ಹತ್ತಿ. ಬುಡದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಗುಂಡಿ. ಗುಂಡಿಯನ್ನು ಒತ್ತಿದಾಗ ಅದು ಸೆಲ್ಲಿನ ಋಣ ತುದಿಯನ್ನು ಮುಟ್ಟುತ್ತದೆ. ಧನ ತುದಿಯಿಂದ ಹೊರಟ ಪ್ರವಾಹವು ಸುರುಳಿಯನ್ನು ಹಾದು, ಕೊಳವೆಯ ಗೋಡೆಯಲ್ಲಿಯೇ ಇಳಿದುಬಂದು ಮರಳಿ ಸೆಲ್ಲನ್ನು ಸೇರುತ್ತದೆ. ಎಂದರೆ ಕೈಯಲ್ಲಿ ಹಿಡಿದ ಕೊಳವೆಯೇ ತಂತಿ. ಫ್ಯೂಸಿಲ್ಲ, ಬೇರೆ ಸ್ವಿಚ್ಚಿಲ್ಲ. ನಮ್ಮ ಪ್ರಯೋಗಶಾಲೆಯ ಹಲಗೆಯ ಮೇಲೆ ಮಕ್ಕಳಿಗೆ ತೋರಿಸುತ್ತಿದ್ದ ಮಂಡಲವೇ ಇಲ್ಲಿ ಕಿಸೆಗೆ ಇಳಿದಿತ್ತು. ನಮಗೆ ಅದರ ಮೇಲೆ ಮೋಹ ಹುಟ್ಟಿದುದು ಇದರಿಂದಲೇ.

ಮನೆಯಾಕೆಗೆ ಇದಾವುದೂ ಬೇಕಿರಲಿಲ್ಲ. ತಾಮ್ರವು ಕಪ್ಪಾಗಿರುವುದನ್ನು ಕಂಡು ಅವಳ ಕೈ ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ಹುಡುಗನಿಂದ ಸೆಲ್ಲನ್ನು ತೆಗೆಸಿ, ಕೊಳವೆ, ಮುಚ್ಚಳ, ಗುಂಡಿಗಳನ್ನೆಲ್ಲ ಹುಣಿಸೆಹಣ್ಣು ಹಾಕಿ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿಟ್ಟಳು. ಸಂಜೆ ಹುಡುಗನು ಅದನ್ನು ಜೋಡಿಸಿ ಒಮ್ಮೆ ಎಳೆದು, “ಅತ್ತೇ, ಏನು ಮಾಡಿದಿರಿ? ಹೊಸದರಂತೆ ಕೆಲಸ ಮಾಡುತ್ತಿದೆ!” ಎಂದು ಬೆರಗಾದನು.

ಆಗ ನಮ್ಮೊಳಗಿನ ಮೇಷ್ಟರು ಎದ್ದರು. ಕರಿಯ ಪೊರೆಯು ತಾಮ್ರದ ಆಕ್ಸೈಡೆಂದೂ, ಅದು ಪ್ರವಾಹಕ್ಕೆ ಅಡ್ಡಿಯೆಂದೂ, ಹುಣಿಸೆಯ ಹುಳಿ ಅದನ್ನು ಕರಗಿಸಿತೆಂದೂ ವಿವರಿಸಿದೆವು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮಾತು ಲೋಹಗಳ ವಾಹಕತೆಗೆ ಹೊರಳಿತು. ತಾಮ್ರದ ವಾಹಕತೆಯನ್ನು ೧೦೦ ಎಂದು ಹಿಡಿದರೆ ಬೆಳ್ಳಿಯದು ಸುಮಾರು ೧೦೫, ಅಲ್ಯುಮಿನಿಯಮ್ಮಿನದು ೬೧, ಹಿತ್ತಾಳೆಯದು ೨೮ರ ಆಸುಪಾಸು, ನಾವು ಊಟಮಾಡುವ ಸ್ಟೀಲು ತಟ್ಟೆಯ ಲೋಹದ್ದು ಮೂರಕ್ಕೂ ಕಡಮೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆವು. ಹುಡುಗನ ಕಣ್ಣುಗಳು ಅರಳಿದವು. ಅವನು ಓದಿದ್ದು ವಾಣಿಜ್ಯಶಾಸ್ತ್ರ. “ಹಾಗಾದರೆ ಮಾವ, ಇಷ್ಟು ಒಳ್ಳೆಯ ತಾಮ್ರವನ್ನು ಇಟ್ಟುಕೊಂಡು ನಾನು ಅದರ ಪೂರ್ತಿ ಉಪಯೋಗವನ್ನು ಪಡೆಯುತ್ತಿಲ್ಲ ಅಲ್ಲವೇ? ಇನ್ನೂ ಕಡಮೆ ರೋಧದ ಸುರುಳಿ ಹಾಕಿದರೆ ಆವಿ ಹೆಚ್ಚಂತೆ. ನನಗೆ ಆ ಲೆಕ್ಕ ಬರುವುದಿಲ್ಲ” ಎಂದನು.

ನಮಗೆ ಬರುತ್ತಿತ್ತಲ್ಲ! ಅವನ ಸುರುಳಿಯ ರೋಧ ಅರ್ಧ ಓಮ್. ಪೂರ್ತಿ ತುಂಬಿದ ಸೆಲ್ಲಿನ ಒತ್ತಡ ೪.೨ ವೋಲ್ಟು. ಓಮನ ನಿಯಮದಂತೆ ೮.೪ ಆಂಪಿಯರು; ಶಾಖ ಸುಮಾರು ೩೫ ವಾಟು. ಒಂದರ ಬದಲು ಎರಡು ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿ, ಒಂದೊಂದರ ರೋಧವನ್ನು ೦.೩ ಓಮಿಗೆ ಇಳಿಸಿದರೆ, ಒಟ್ಟು ರೋಧ ೦.೧೫ ಓಮ್. ಆಗ ೨೮ ಆಂಪಿಯರು. ಶಾಖ ೧೧೮ ವಾಟಿನ ಹತ್ತಿರ. ಮೂರು ಪಟ್ಟಿಗೂ ಮಿಗಿಲು! ಮರುದಿನ ಶನಿವಾರ. ಮಾವ ಸೋದರಳಿಯರಿಬ್ಬರೂ ಮೇಜಿನ ಮುಂದೆ ಕುಳಿತು ತಂತಿ ಸುತ್ತಿದೆವು. ರೋಧ ಅಳೆಯುವ ಯಂತ್ರ ೦.೧೫ ಎಂದೇ ತೋರಿಸಿತು. ಲೆಕ್ಕ ಸರಿಬಂದಾಗ ಮೇಷ್ಟರಿಗಾಗುವ ಸಂತೋಷವನ್ನು ಬೇರೆಯವರು ಅರಿಯರು.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ಕರೆಬಂದಾಗ ಹುಡುಗನು ಕೊಳವೆಯನ್ನು ಎಂದಿನಂತೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಡಿಗೆಮನೆಗೆ ಬಂದನು. ಬುಡದ ಗುಂಡಿಗೆ ಒಂದು ಉಂಗುರವಿದೆ. ಅದನ್ನು ತಿರುಗಿಸಿ ಬಿಗಿಮಾಡಿದರೆ ಗುಂಡಿ ಒತ್ತಿಕೊಳ್ಳದು. ಅಂದು ಅದನ್ನು ತಿರುಗಿಸಲು ಮರೆತಿದ್ದನು. ಕೊಳವೆಯ ಭಾರವೇ ಗುಂಡಿಯನ್ನು ಒತ್ತಿ ಹಿಡಿಯಿತು. ನಾವು ಎರಡು ತುತ್ತು ತಿಂದಿರಬಹುದು. ಮನೆಯಾಕೆ ಮೂಗನ್ನು ಅರಳಿಸಿ, “ಹತ್ತಿ ಸುಟ್ಟ ವಾಸನೆ ಬರುತ್ತಿದೆಯಲ್ಲ, ದೇವರ ದೀಪದ ಬತ್ತಿಯೇ?” ಎಂದಳು. ದೀಪ ಆರಿಹೋಗಿ ಬಹಳ ಹೊತ್ತಾಗಿತ್ತು.

ಹುಡುಗನು ಓಡಿದನು. ಕೊಳವೆಯ ತಲೆ ಹೊಗೆಯಾಡುತ್ತಿತ್ತು. ಬರಿಗೈಯಲ್ಲಿ ಹಿಡಿದನು, ಕೂಗಿ ಕೈಬಿಟ್ಟನು. ಬಿದ್ದ ಮೇಲಾದರೂ ಗುಂಡಿ ಹೊರಕ್ಕೆ ಬರಬೇಕಾಗಿತ್ತು, ಬರಲಿಲ್ಲ. ಕಾಯ್ದ ಸ್ಪ್ರಿಂಗು ತನ್ನ ಬಿಗುವನ್ನು ಕಳೆದುಕೊಂಡು ಕುಸಿದಿತ್ತು. ತಿರುಚಿ ಸೆಲ್ಲನ್ನು ಹೊರಗೆ ತೆಗೆಯೋಣವೆಂದರೆ ಮುಟ್ಟುವ ಹಾಗಿಲ್ಲ. ಮೂವತ್ತು ವರ್ಷ ಓಮನ ನಿಯಮವನ್ನು ಬೋಧಿಸಿದ ನಾವು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆಯನ್ನು ಹಿಡಿದು ಕಂಬದಂತೆ ನಿಂತಿದ್ದೆವು. ಮನೆಯಾಕೆ ಮೈಸೂರಿನಿಂದ ತಂದಿದ್ದ ಇಕ್ಕಳವನ್ನು ತೆಗೆದುಕೊಂಡು ಬಂದು, ಕಾದ ಪಾತ್ರೆಯನ್ನು ಎತ್ತುವಂತೆಯೇ ಅದನ್ನು ಎತ್ತಿ, ಹಿಂಬಾಗಿಲಿನಿಂದ ಹಿತ್ತಲಿನ ಕಲ್ಲಿನ ಮೇಲೆ ಎಸೆದು ಬಾಗಿಲನ್ನು ಎಳೆದುಕೊಂಡಳು. ಮರುಗಳಿಗೆಯಲ್ಲಿಯೇ ಹಾವು ಬುಸುಗುಟ್ಟಿದಂತೆ ಸದ್ದಾಯಿತು. ಕೊಳವೆಯ ಬದಿಯಲ್ಲಿದ್ದ ಮೂರು ರಂಧ್ರಗಳಿಂದ ದಟ್ಟವಾದ ಬಿಳಿಯ ಹೊಗೆ ನುಗ್ಗಿ ಬಂದಿತು. ಆ ರಂಧ್ರಗಳು ಶೃಂಗಾರಕ್ಕಾಗಿ ಇದ್ದವೆಂದು ನಾವು ಭಾವಿಸಿದ್ದೆವು.

ಹುಡುಗನ ಬಲಗೈಯ ಎರಡು ಬೆರಳುಗಳು ಸುಟ್ಟು ಬೊಬ್ಬೆಯೆದ್ದಿದ್ದವು. ತಣ್ಣೀರಿನ ಕೆಳಗೆ ಕೈಯನ್ನು ಹಿಡಿದು ನಿಂತ ಅವನನ್ನು ನೋಡಿದಾಗ ನಮಗೆ ಕಂಡುದು ಮೂವತ್ತೊಂದು ವರ್ಷದ ಮುಖವಲ್ಲ. ತಂದೆಯನ್ನು ಕಳೆದುಕೊಂಡ ಹುಡುಗನ ಮುಖ. ಅದೇ ಕೊಳವೆ ಐದು ನಿಮಿಷದ ಮುಂಚೆ ಆ ಮುಖದ ಮುಂದೆಯೇ ಇದ್ದಿತು.

ಸಂಜೆ ಎಲ್ಲವೂ ತಣ್ಣಗಾದ ಮೇಲೆ ಹುಡುಗನು ಅದೇ ಜೋಡಿಯ ಇನ್ನೊಂದು ಸೆಲ್ಲನ್ನು ನಮ್ಮ ಮುಂದಿಟ್ಟನು. ೧೮ ಮಿಲಿಮೀಟರ್ ದಪ್ಪ, ೬೫ ಮಿಲಿಮೀಟರ್ ಉದ್ದ; ಆದುದರಿಂದಲೇ ಅದಕ್ಕೆ ೧೮೬೫೦ ಎಂಬ ಹೆಸರು. ಲಿಥಿಯಮ್ ಅಯಾನ್ ಜಾತಿಯದು. ಈ ಜಾತಿಯ ಸೆಲ್ಲು ೧೯೯೧ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದಿತು. ಇದಕ್ಕೆ ದಾರಿಮಾಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಹುಡುಗನ ಸೆಲ್ಲಿನ ಸಂಗ್ರಹ ೩೫೦೦ ಮಿಲಿಆಂಪಿಯರ್ ಗಂಟೆ. ತಯಾರಕರ ವಿವರದ ಹಾಳೆಯನ್ನು ತೆಗೆಸಿ ಓದಿದೆವು. ಎಡೆಬಿಡದೆ ಅದರಿಂದ ಸೆಳೆಯಬಹುದಾದ ಪ್ರವಾಹ ೧೦ ಆಂಪಿಯರ್ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಸೆಲ್ಲಿನ ಒಳರೋಧವನ್ನು ಕಳೆದು ನೋಡಿದರೂ ನಾವು ಅದರಿಂದ ಇಪ್ಪತ್ತಕ್ಕೆ ಕಡಮೆಯಿಲ್ಲದೆ ಕೇಳಿದ್ದೆವು.

“೨೫೦೦ರ ಸೆಲ್ಲೂ ಇತ್ತು ಮಾವ. ಹೆಚ್ಚಿನದು ಒಳ್ಳೆಯದೆಂದು ಇದನ್ನು ಕೊಂಡೆ” ಎಂದನು ಹುಡುಗ. ಯಾರಾದರೂ ಹಾಗೆಯೇ ಎಣಿಸುವರು. ಆದರೆ ಸೆಲ್ಲಿನ ಸಂಗತಿ ಬೇರೆ. ಅದರೊಳಗೆ ಲೋಹದ ತೆಳುಹಾಳೆಗಳ ಮೇಲೆ ರಾಸಾಯನಿಕ ಲೇಪವನ್ನು ಬಳಿದು, ಚಾಪೆಯಂತೆ ಸುರುಳಿ ಸುತ್ತಿರುತ್ತಾರೆ. ಲೇಪವು ದಪ್ಪವಾದರೆ ಸಂಗ್ರಹ ಹೆಚ್ಚು, ಆದರೆ ಒಳಗಿನಿಂದ ಹೊರಬರುವ ದಾರಿ ಇಕ್ಕಟ್ಟು. ಲೇಪವು ತೆಳುವಾದರೆ ಸಂಗ್ರಹ ಕಡಮೆ, ದಾರಿ ವಿಶಾಲ. ಒಂದು ಬಾಯಿ ಕಿರಿದಾದ ದೊಡ್ಡ ಕೊಡ. ಇನ್ನೊಂದು ಬಾಯಿ ಅಗಲವಾದ ಚಿಕ್ಕ ಬಿಂದಿಗೆ. ಅವನು ಬೇಡವೆಂದು ಬಿಟ್ಟ ೨೫೦೦ರ ಸೆಲ್ಲು ೨೦ ಆಂಪಿಯರುಗಳನ್ನು ತಡೆಯಬಲ್ಲುದಾಗಿತ್ತು. ಇಕ್ಕಟ್ಟಿನ ದಾರಿಯಲ್ಲಿ ಬಲಾತ್ಕಾರದಿಂದ ಸೆಳೆದರೆ ಸೆಲ್ಲು ಒಳಗಿಂದಲೇ ಕಾಯುತ್ತದೆ. ಒಂದು ಮಟ್ಟವನ್ನು ದಾಟಿದ ಮೇಲೆ ಅದರೊಳಗಿನ ದ್ರವ್ಯಗಳು ತಾವೇ ಒಡೆದು ಇನ್ನಷ್ಟು ಶಾಖವನ್ನು ಹುಟ್ಟಿಸುತ್ತವೆ. ಒಳಗಿರುವ ದ್ರಾವಕವೋ ಉರಿಯುವಂಥದು. ಆಮೇಲೆ ಗುಂಡಿಯನ್ನು ಬಿಟ್ಟರೂ ಪ್ರಯೋಜನವಿಲ್ಲ.

ಇನ್ನೂ ನಾಚಿಕೆಯ ಸಂಗತಿಯಿದೆ. ಅಂದು ರಾತ್ರಿ ನಿದ್ದೆ ಬಾರದೆ, ನಾವು ಅಷ್ಟು ಕೊಂಡಾಡಿದ ತಾಮ್ರದ ಕೊಳವೆಯ ರೋಧವನ್ನೇ ಲೆಕ್ಕಮಾಡಿದೆವು. ಅದರ ಗೋಡೆ ಒಂದೂವರೆ ಮಿಲಿಮೀಟರ್; ಉದ್ದ ಏಳು ಸೆಂಟಿಮೀಟರ್. ರೋಧವು ಒಂದು ಓಮಿನ ಲಕ್ಷದಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಅದೇ ಕೊಳವೆ ಸ್ಟೀಲಿನದಾಗಿದ್ದರೂ ಸಾವಿರದಲ್ಲಿ ಅರ್ಧ ಪಾಲು. ಸುರುಳಿಯ ರೋಧದ ಮುಂದೆ ಅದು ಲೆಕ್ಕಕ್ಕೇ ಬಾರದು. ಅಷ್ಟು ದಪ್ಪನಾದ ಗೋಡೆಯಲ್ಲಿ ತಾಮ್ರವಾದರೇನು, ಹಿತ್ತಾಳೆಯಾದರೇನು! ಹುಣಿಸೆಹಣ್ಣಿನಿಂದ ಸುಧಾರಿಸಿದುದು ಕೊಳವೆಯಲ್ಲ. ಮರೆಯ ತಿರುಪುಗಳೂ ಗುಂಡಿಯ ತುದಿಯೂ ಒಂದನ್ನೊಂದು ಮುಟ್ಟುವ ಜಾಗಗಳು. ರೋಧವೆಂಬುದು ಅಲ್ಲಿ ಕುಳಿತಿರುತ್ತದೆ, ಸ್ಪ್ರಿಂಗಿನಲ್ಲಿ ಕುಳಿತಿರುತ್ತದೆ, ಸೆಲ್ಲಿನೊಳಗೆ ಕುಳಿತಿರುತ್ತದೆ. ನಾವು ಹೊಳೆಯುವುದನ್ನು ನೋಡಿ ಪಾಠ ಹೇಳಿದೆವು.

ಓಮನೂ ನಮ್ಮಂತೆಯೇ ಶಾಲೆಯ ಮೇಷ್ಟರಾಗಿದ್ದವನು. ಜರ್ಮನಿಯ ಕೊಲೋನಿನಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಪ್ರಯೋಗ ಮಾಡುತ್ತಿದ್ದನು. ಬೇರೆ ಬೇರೆ ಲೋಹಗಳ ತಂತಿಗಳನ್ನು ಪರೀಕ್ಷಿಸಲು ಅವನು ಮೊದಲು ಹಿಡಿದುದು ೧೮೦೦ರಲ್ಲಿ ಪ್ರಕಟವಾದ ವೋಲ್ಟನ ಬ್ಯಾಟರಿಯನ್ನು. ಅದು ನಿಮಿಷಕ್ಕೊಂದು ಬಗೆಯಾಗಿ ನಡೆದುಕೊಂಡು ಅವನ ಲೆಕ್ಕವನ್ನು ಕೆಡಿಸಿತು. ಆಮೇಲೆ ಅವನು ಬ್ಯಾಟರಿಯನ್ನು ಬಿಟ್ಟು, ಬಿಸ್ಮತ್ತು ತಾಮ್ರಗಳ ಬೆಸುಗೆಯ ಒಂದು ಕೊನೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟು, ಸ್ಥಿರವಾದ ಪ್ರವಾಹವನ್ನು ಪಡೆದನು. ಅವನ ಗ್ರಂಥ ಹೊರಬಂದುದು ೧೮೨೭ರಲ್ಲಿ. ತಂತಿಯನ್ನು ಅಳೆಯುವ ಮುನ್ನ ಕೊಡುವ ಮೂಲವನ್ನು ಅರಿಯಬೇಕೆಂಬುದನ್ನು ಅವನು ಮೊದಲೇ ಕಲಿತನು. ವರ್ಷವರ್ಷವೂ ಅವನ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದ ನಾವು ಅದನ್ನು ಕಲಿಯಲಿಲ್ಲ. ಮನೆಯಾಕೆ ಇದನ್ನೆಲ್ಲ ಕೇಳಿ, “ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹೇಳುವುದಕ್ಕೆ ಇಷ್ಟು ಲೆಕ್ಕ ಬೇಕಾಯಿತೇ?” ಎಂದಳು. ಉತ್ತರ ತೋಚಲಿಲ್ಲ.

ಆ ವಾರ ಮಾವ ಸೋದರಳಿಯರು ಕುಳಿತು ಬೇರೆಯ ಪಾಠವನ್ನು ಓದಿದೆವು. ಸೆಲ್ಲಿನ ಹೊರಗಿನ ಲೋಹದ ಡಬ್ಬಿ ಬುಡದಿಂದ ಹೆಗಲಿನವರೆಗೂ ಋಣ ತುದಿಯೇ. ಧನ ತುದಿ ತಲೆಯ ಮೇಲಿನ ಸಣ್ಣ ಬಿಲ್ಲೆ ಮಾತ್ರ. ಇವೆರಡರ ನಡುವೆ ಕಾಗದದಂಥ ಒಂದು ಬಳೆ, ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ, ಇಷ್ಟೇ. ಹೊದಿಕೆ ಹರಿದ ಸೆಲ್ಲನ್ನು ಬಳಸಬಾರದು. ಲೋಹದ ಕೊಳವೆಯಲ್ಲಿ ಬೆರಳು ಸೋಕದೆಯೇ ಪ್ರವಾಹ ಹರಿದೀತು. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಕಾಸುಗಳೊಡನೆ ಕಿಸೆಗೆ ಹಾಕಬಾರದು. ಒಂದು ಬೀಗದ ಕೈ ಎರಡು ತುದಿಗಳನ್ನೂ ಒಟ್ಟಿಗೆ ಮುಟ್ಟಿದರೆ ಸಾಕು. ಕೆಲವು ಕೊಳವೆಗಳಲ್ಲಿ ಸೆಲ್ಲಿನ ತಲೆ ಸುರುಳಿಯ ಪೀಠಕ್ಕೆ ನೇರವಾಗಿ ತಾಗುತ್ತದೆ. ಪೀಠದ ನಡುವಿನ ಮೊಳೆ ಸಾಕಷ್ಟು ಹೊರಚಾಚಿರದಿದ್ದರೆ, ಧನಬಿಲ್ಲೆಯೇ ಸುತ್ತಲಿನ ತಿರುಪನ್ನು ಮುಟ್ಟಿ, ಸುರುಳಿಯಿಲ್ಲದೆಯೇ ಮಂಡಲ ಮುಚ್ಚಿಕೊಳ್ಳುತ್ತದೆ. ಅಲ್ಲಿ ರೋಧವೇ ಇಲ್ಲ. ಅದಕ್ಕಿಂತ ಅನಾಹುತ ಬೇರೊಂದಿಲ್ಲ. ಅಗ್ಗದ ಸೆಲ್ಲುಗಳ ಮೈಮೇಲೆ ೬೦೦೦, ೯೦೦೦ ಎಂದು ಅಚ್ಚಾಗಿರುವುದುಂಟು. ನಂಬಿಕಸ್ಥ ತಯಾರಕರ ೧೮೬೫೦ ಸೆಲ್ಲುಗಳೇ ಸಾಮಾನ್ಯವಾಗಿ ೩೬೦೦ನ್ನು ದಾಟುವುದಿಲ್ಲ. ಉಳಿದುದು ಅಚ್ಚಿನ ಮಸಿ ಮಾತ್ರ.

ಎಲ್ಲವನ್ನೂ ಓದಿದ ಮೇಲೆ ಹುಡುಗನು ತಾಮ್ರದ ಕೊಳವೆಯನ್ನು ಮತ್ತೆ ಸೆಲ್ಲಿಗೆ ಸೇರಿಸಲಿಲ್ಲ. ಪ್ರವಾಹವನ್ನು ತಡೆಯುವ ಮಂಡಲವುಳ್ಳ ಸಾದಾ ಉಪಕರಣವೊಂದನ್ನು ತಂದುಕೊಂಡು, ದ್ರವದಲ್ಲಿನ ನಿಕೋಟಿನ್ನನ್ನು ತಿಂಗಳು ತಿಂಗಳಿಗೂ ಇಳಿಸುತ್ತ ಬಂದನು. ನಾವು ಊರಿಗೆ ಮರಳಿ ತಂಗಿಯ ಮನೆಯಲ್ಲಿ ಕಾಫಿ ಕುಡಿದೆವು. “ಬಿಟ್ಟಿದ್ದಾನೆ ತಾನೇ?” ಎಂದು ಅವಳು ಮತ್ತೆ ಕೇಳಿದಳು; ಬಿಟ್ಟಿದ್ದಾನೆಂದೇ ಮತ್ತೆ ಹೇಳಿದೆವು. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

೨೦೧೮ರ ಮೇ ತಿಂಗಳಿನಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಒಬ್ಬನು ಇಂಥದೇ ಉಪಕರಣ ಸಿಡಿದು ತೀರಿಕೊಂಡನೆಂದು ಪತ್ರಿಕೆಗಳಲ್ಲಿ ಬಂದಿತು. ೨೦೧೯ರ ಜನವರಿಯಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್ ನಗರದಲ್ಲಿ ಇಪ್ಪತ್ತನಾಲ್ಕು ವರ್ಷದ ತರುಣನೊಬ್ಬನು ಹಾಗೆಯೇ ಪ್ರಾಣ ಬಿಟ್ಟನು; ಸಿಡಿದ ಚೂರು ಅವನ ಕತ್ತಿನ ರಕ್ತನಾಳವನ್ನು ಕಡಿದಿತ್ತು. ಎರಡು ಸಲವೂ ಪತ್ರಿಕೆಯನ್ನು ಮಡಿಸಿ ಮನೆಯಾಕೆಯ ಕೈಗೆ ಕೊಟ್ಟೆವು. ಅವಳು ಓದಿ, ಏನೂ ಹೇಳದೆ, ಒಳಗೆ ಹೋದಳು.

ಅದೇ ೨೦೧೯ರಲ್ಲಿ ಭಾರತ ಸರ್ಕಾರವು ಈ ಜಾತಿಯ ಎಲ್ಲ ಉಪಕರಣಗಳ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿತು. ಸೆಪ್ಟೆಂಬರಿನಲ್ಲಿ ಬಂದ ಆಜ್ಞೆ ಡಿಸೆಂಬರಿನಲ್ಲಿ ಶಾಸನವಾಯಿತು. ಮರುವರ್ಷ ಸಂಕ್ರಾಂತಿಗೆ ಹುಡುಗನು ಊರಿಗೆ ಬಂದನು. ಬರಿಗೈಯಲ್ಲಿ ಬಂದನು, ಅವನಿಗೆ ಆ ವೇಳೆಗೆ ಅದರ ಅಗತ್ಯವೂ ಉಳಿದಿರಲಿಲ್ಲ. ಎಳ್ಳು ಬೆಲ್ಲ ಕೊಡುವಾಗ ತಾಯಿ ಅವನ ಬೆರಳುಗಳ ಮೇಲಿನ ಹೊಳೆಯುವ ಕಲೆಯನ್ನು ಕಂಡಳು. ಅವನು ಎಲ್ಲವನ್ನೂ ಹೇಳಿಬಿಟ್ಟನು. ಮಾವನ ಲೆಕ್ಕದ ಮಾತನ್ನು ಮಾತ್ರ ಬಿಟ್ಟನು.

ತಂಗಿ ನಮ್ಮ ಕಡೆಗೆ ತಿರುಗಿ, “ಅಣ್ಣಾ, ನೀನು ಅಲ್ಲಿಯೇ ಇದ್ದೆಯಲ್ಲ?” ಎಂದಳು.

ಇದ್ದೆವು. ಅವನು ಬಿಟ್ಟ ಮಾತನ್ನು ನಾವೇ ಸೇರಿಸಿ ಹೇಳಿದೆವು. ಎರಡೂವರೆ ವರ್ಷ ತಡವಾಗಿ ಹೇಳಿದುದು ಹೇಳಿದಂತಾಯಿತೋ ಇಲ್ಲವೋ ತಿಳಿಯದು. ತಂಗಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದುಹೋಗಿ ಎಲ್ಲರಿಗೂ ಕಾಫಿ ತಂದಳು, ನಮಗೂ ತಂದಳು.

ತಾಮ್ರದ ಕೊಳವೆ ಈಗ ನಮ್ಮ ಮನೆಯಲ್ಲಿದೆ. ಹುಡುಗನು ಸೆಲ್ಲು, ಸುರುಳಿ, ಗುಂಡಿಗಳೊಂದೂ ಇಲ್ಲದ ಬರಿಯ ಕೊಳವೆಯನ್ನು ತಂದುಕೊಟ್ಟನು. ಮನೆಯಾಕೆ ಅದರಲ್ಲಿ ಊದುಕಡ್ಡಿಗಳನ್ನು ನಿಲ್ಲಿಸಿದ್ದಾಳೆ. ಬೀದಿಯ ಮಕ್ಕಳು ಟಾರ್ಚು, ಆಟದ ಕಾರುಗಳನ್ನು ಹಿಡಿದು ಈಗಲೂ ನಮ್ಮಲ್ಲಿಗೆ ಬರುತ್ತಾರೆ. ಅವರಿಗೆ ಲೋಹಗಳ ಪಾಠ ಹೇಳುವ ಮುನ್ನ ನಾವು ಸೆಲ್ಲನ್ನು ಹೊರಗೆ ತೆಗೆಸಿ, ಹೊದಿಕೆ ಹರಿದಿದೆಯೇ ಎಂದು ನೋಡಿ, ಅದು ಎಷ್ಟು ಕೊಡಬಲ್ಲುದೆಂಬುದನ್ನು ಮೊದಲು ಓದಿಸುತ್ತೇವೆ. ಹುಣಿಸೆಹಣ್ಣು ಆಮೇಲೆ.